ಸುರಂಗದ ರಾಡಾರ್ ಮತ್ತು ಸಿಗದ ಫೈಲು

ಮೊನ್ನೆ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಬರೆದಿದ್ದ: "ಸುರಂಗಕ್ಕೆಲ್ಲ ರಾಡಾರ್ ಹಿಡಿದ್ರೆ ಆಯ್ತಲ್ಲಪ್ಪ, ಒಳಗೆ ಏನಿದೆ ಅಂತ ಕಾಣುತ್ತೆ." ಹದಿನೈದು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದವನು ನಾನು. ಉತ್ತರ ಬರೆಯಲು ಕೂತೆ, ಉದ್ದವಾಯಿತು. ಇಲ್ಲೇ ಹಾಕಿಬಿಡುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ಜಿಪಿಆರ್, ಅಂದರೆ ನೆಲ, ಗೋಡೆಯೊಳಗೆ ರೇಡಿಯೋ ಅಲೆ ಬಿಟ್ಟು ನೋಡುವ ರಾಡಾರ್, ಅನ್ನೋ ಹೆಸರು ಕೇಳಿದ್ದು 2023ರ ನವೆಂಬರ್‌ನಲ್ಲಿ, ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 41 ಕಾರ್ಮಿಕರು ಸುರಂಗದೊಳಗೆ ಸಿಕ್ಕಿಕೊಂಡಾಗ. ಮುಂದಿನ 5 ಮೀಟರ್‌ವರೆಗೆ ಲೋಹ ಅಡ್ಡ ಇಲ್ಲ, ರಾಡಾರ್ ಹಾಗೆ ಹೇಳಿದೆ ಅಂತ ಟೀವಿಯಲ್ಲಿ ಬಂತು. ಆಮೇಲೆ ಅಡ್ಡಕ್ಕೆ ಕೊರೆಯುವ ಆಗರ್ ಯಂತ್ರ ಹೋಗಿ ಲೋಹಕ್ಕೇ ತಗುಲಿ ಮುರಿಯಿತು. ಕೊನೆಯ ಹತ್ತು ಹನ್ನೆರಡು ಮೀಟರ್ ಕೈಯಲ್ಲೇ ಅಗೆದು ಅವರನ್ನು ಹೊರಗೆ ತಂದದ್ದು ಇಲಿ ಬಿಲದಂಥ ಕಿರಿದಾದ ದಾರಿ ತೋಡುವ ರ‍್ಯಾಟ್ ಹೋಲ್ ಕೆಲಸಗಾರರು. "ನಿಮ್ಮ ರಾಡಾರ್ ಸುಳ್ಳು ಹೇಳ್ತಲ್ಲ" ಅಂತ ಆಗ ನನ್ನನ್ನು ಆಡಿಕೊಂಡವರೂ ಇದ್ದಾರೆ. ಕಲ್ಲು, ಮಣ್ಣು, ಕಬ್ಬಿಣ ಎಲ್ಲ ಕಲಸಿಹೋದ ಗುಡ್ಡೆಯಲ್ಲಿ ಅದು ಎಡವುವುದು ದೊಡ್ಡ ವಿಷಯ ಅಲ್ಲ. ಅದರ ನಿಜವಾದ ಜಾಗ ಬೇರೆ. ಕಟ್ಟಿ ಮುಗಿದ ಸುರಂಗದ ಕಾಂಕ್ರೀಟ್ ಲೈನಿಂಗ್, ಅಂದರೆ ಬಂಡೆಗೆ ಒಳಗಿನಿಂದ ಹೊದಿಸಿದ ಪದರ.

ಸುರಂಗದ ನೆತ್ತಿಗೆ ಕಾಂಕ್ರೀಟ್ ಹಾಕುವುದು ತಲೆನೋವಿನ ಕೆಲಸ. ಶಟರಿಂಗ್ ನಿಲ್ಲಿಸಿ ಪಂಪ್‌ನಲ್ಲಿ ತುಂಬಿಸುತ್ತಾರೆ. ಗಾಳಿ ಮೇಲೆ ಸಿಕ್ಕಿಕೊಳ್ಳುತ್ತದೆ, ಕಾಂಕ್ರೀಟ್ ಒಂಚೂರು ಕೆಳಗೆ ಕೂರುತ್ತದೆ. ಬಂಡೆಗೂ ಲೈನಿಂಗಿಗೂ ನಡುವೆ ಟೊಳ್ಳು ಉಳಿಯುತ್ತದೆ. ಕೆಳಗಿನಿಂದ ನೋಡಿದರೆ ನುಣ್ಣಗೆ, ಚೆನ್ನಾಗಿರುತ್ತದೆ. ಈ ಟೊಳ್ಳು ಹುಡುಕುವುದಕ್ಕೆ, ದಪ್ಪ ಸರಿಯಾಗಿದೆಯಾ ನೋಡುವುದಕ್ಕೆ, ಕಂಬಿ ಎಲ್ಲಿದೆ ತಿಳಿಯುವುದಕ್ಕೆ ರಾಡಾರ್‌ನಷ್ಟು ಬೇಗ ಕೆಲಸ ಮಾಡುವ ಸಾಧನ ನನಗೆ ಗೊತ್ತಿಲ್ಲ.

ಆದರೆ ರಾಡಾರ್ ದಪ್ಪ ಅಳೆಯುವುದಿಲ್ಲ. ಸಮಯ ಅಳೆಯುತ್ತದೆ. ಅಲೆ ಹೋಗಿ, ಹಿಂದಿನ ಬಂಡೆಗೋ ಟೊಳ್ಳಿಗೋ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು, ಅಷ್ಟೇ. ಗಾಳಿಯಲ್ಲಿ ಅದು ನ್ಯಾನೋ ಸೆಕೆಂಡಿಗೆ 30 ಸೆಂ.ಮೀ. ಹೋಗುತ್ತದೆ. ಕಾಂಕ್ರೀಟಿನಲ್ಲಿ 10ರಿಂದ 12. ಕಾಂಕ್ರೀಟ್ ನೀರು ಕುಡಿದಷ್ಟೂ ನಿಧಾನ. ಈ ವೇಗವನ್ನು ಸಾಫ್ಟ್‌ವೇರಿಗೆ ನಾವೇ ಕೊಡಬೇಕು. ನಿಜವಾದ ವೇಗ 10 ಇದ್ದು ನಾನು 12 ಅಂತ ಹಾಕಿದರೆ 30 ಸೆಂ.ಮೀ. ಲೈನಿಂಗ್ ರಿಪೋರ್ಟಿನಲ್ಲಿ 36 ಆಗುತ್ತದೆ. ಗುತ್ತಿಗೆದಾರನ ಬಿಲ್ಲಿಗೆ ಇದು ಎಷ್ಟು ಅನುಕೂಲ ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇದಕ್ಕೆ ಮದ್ದು ಕೋರ್. ಎರಡು ಮೂರು ಕಡೆ ಕೊರೆದು ಕಾಂಕ್ರೀಟಿನ ಉರುಳೆ ತೆಗೆದು, ಟೇಪ್ ಹಿಡಿದು ಅಳೆದು, ಅದರಿಂದ ವೇಗ ಲೆಕ್ಕ ಹಾಕಬೇಕು. ಹಾಗೆಂದಾಗೆಲ್ಲ "ಹೊಸ ಸುರಂಗಕ್ಕೆ ತೂತು ಯಾಕೆ ಮಾಡ್ತೀರಿ ಸಾರ್, ಅದಕ್ಕೇ ಅಲ್ವಾ ರಾಡಾರ್ ತಂದಿದ್ದು" ಅನ್ನುತ್ತಾರೆ.

ಇನ್ನು ರಾಡಾರಿಗೆ ಕಾಣದ್ದೂ ಬಹಳ ಇದೆ. ಕಂಬಿ ಒತ್ತೊತ್ತಾಗಿದ್ದರೆ ಅದರ ಹಿಂದೆ ಏನಿದ್ದರೂ ಮರೆ. ಕೂದಲೆಳೆಯ ಬಿರುಕು ಕಾಣುವುದಿಲ್ಲ. 400 ಮೆಗಾಹರ್ಟ್ಸ್ ಆಂಟೆನಾ ಆಳಕ್ಕೆ ಹೋಗುತ್ತದೆ, ಸಣ್ಣದನ್ನು ಕಾಣದೆ ಬಿಟ್ಟುಬಿಡುತ್ತದೆ. 1600 ಸಣ್ಣದು ಹಿಡಿಯುತ್ತದೆ, ಆಳಕ್ಕೆ ಹೋಗುವುದಿಲ್ಲ. ಜಪಾನಿನ ಸಾಸಾಗೋ ಸುರಂಗದಲ್ಲಿ 2012ರ ಡಿಸೆಂಬರ್ 2ರಂದು ಚಾವಣಿಯ ಹಲಗೆಗಳು ಬಿದ್ದು 9 ಜನ ಸತ್ತರು. ಅಲ್ಲಿ ಕೈಕೊಟ್ಟದ್ದು ಅಂಟು ಹಾಕಿ ಕೂರಿಸಿದ್ದ ಆಂಕರ್ ಬೋಲ್ಟ್‌ಗಳು. ಅದಕ್ಕೆ ಬೇಕಾಗಿದ್ದದ್ದು ಹತ್ತಿರ ಹೋಗಿ ಸುತ್ತಿಗೆಯಲ್ಲಿ ತಟ್ಟಿ ನೋಡುವ ಒಬ್ಬ ಮನುಷ್ಯ. ಮೇಲಿನ ಬೋಲ್ಟ್‌ಗಳನ್ನು ವರ್ಷಗಟ್ಟಲೆ ಯಾರೂ ತಟ್ಟಿರಲಿಲ್ಲ. ಅದೇ ದೇಶದಲ್ಲಿ 1999ರ ಜೂನ್‌ನಲ್ಲಿ ಫುಕುವೋಕಾ ಸುರಂಗದ ಲೈನಿಂಗಿನಿಂದ ಸುಮಾರು 200 ಕಿಲೋ ಕಾಂಕ್ರೀಟ್ ತುಂಡು ಓಡುತ್ತಿದ್ದ ಶಿಂಕಾನ್‌ಸೆನ್ ಬುಲೆಟ್ ರೈಲಿನ ಮೇಲೆ ಬಿದ್ದಿತ್ತು. ಒಂದು ದಿನ ಹಾಕಿದ ಕಾಂಕ್ರೀಟ್ ಗಟ್ಟಿಯಾದ ಮೇಲೆ ಇನ್ನೊಂದು ಸಲ ಹಾಕಿದರೆ ಎರಡೂ ಬೆಸೆಯುವುದಿಲ್ಲವಲ್ಲ, ಆ ಕೋಲ್ಡ್ ಜಾಯಿಂಟ್ ಕಾರಣ. ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತಿರುವ ಮಾತು. ಟೈಲ್ಸ್ ತಟ್ಟಿ ಟೊಳ್ಳು ಸದ್ದು ಕೇಳುವ ನಮ್ಮ ಮೇಸ್ತ್ರಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ. ರಾಡಾರ್ ಬಂತು ಅಂತ ಸುತ್ತಿಗೆ ಬಿಸಾಕಬೇಡಿ ಅನ್ನುವುದು ಅದಕ್ಕೇ.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಘಟ್ಟದ ಒಂದು ರೈಲು ಸುರಂಗಕ್ಕೆ ಹೋಗಿದ್ದೆ. ರಾತ್ರಿ ಎರಡು ಗಂಟೆ ಹೊತ್ತು ಬ್ಲಾಕ್ ಕೊಟ್ಟಿದ್ದರು, ಅಂದರೆ ಅಷ್ಟು ಹೊತ್ತು ರೈಲು ಬಿಡುವುದಿಲ್ಲ. ಎತ್ತರದ ಅಟ್ಟಣಿಗೆ ಇರುವ ಟವರ್ ವ್ಯಾಗನ್ ಮೇಲೆ ನಿಂತು ಆಂಟೆನಾವನ್ನು ನೆತ್ತಿಗೆ ಒತ್ತಿ ಹಿಡಿದು ಹೋಗಬೇಕು. ಸ್ವಲ್ಪ ಹೊತ್ತಿಗೇ ಭುಜ ಸೋತುಬಿಡುತ್ತದೆ. ಮೇಲಿಂದ ನೀರು ಕುತ್ತಿಗೆಯೊಳಗೆ. ಒಂದು ಕಡೆ ಏಳೆಂಟು ಮೀಟರ್ ಉದ್ದಕ್ಕೆ ಸ್ಕ್ರೀನಿನಲ್ಲಿ ಗೆರೆ ದಪ್ಪಗೆ ಹೊಳೆಯುತ್ತಿತ್ತು. ಕೊರೆದು ನೋಡಿದರೆ ಹಿಂದೆ ನನ್ನ ಅಂಗೈ ಹೋಗುವಷ್ಟು ಟೊಳ್ಳು, ಅದರಲ್ಲಿ ನೀರು. ಗ್ರೌಟ್ ಮಾಡಿ, ಅಂದರೆ ಟೊಳ್ಳಿಗೆ ಸಿಮೆಂಟ್ ಹಾಲು ತುಂಬಿಸಿ ಅಂತ ಬರೆದೆ. ಸ್ಕ್ಯಾನಿಗೆ ಬಣ್ಣ ಹಾಕಿ ರಿಪೋರ್ಟ್ ಕೊಟ್ಟ ದಿನ ಅಲ್ಲಿದ್ದ ಸಾಹೇಬರು ಕೇಳಿದ್ದು ಒಂದೇ: "ಕೆಂಪಗಿರೋದೆಲ್ಲ ಡೇಂಜರಾ?" ಬಣ್ಣ ನಾನು ಆರಿಸಿದ್ದು ಸಾರ್, ಹಸಿರೂ ಮಾಡಬಹುದಿತ್ತು ಅಂದೆ. ಅವರಿಗೆ ಇಷ್ಟವಾಗಲಿಲ್ಲ.

ಐದು ವರ್ಷ ಬಿಟ್ಟು ಅದೇ ಸುರಂಗಕ್ಕೆ ಮತ್ತೆ ಕರೆದರು. ಖುಷಿಯಾಯಿತು. ಒಂದು ಸಲ ತೆಗೆದ ಸ್ಕ್ಯಾನ್ ಬರೀ ಫೋಟೋ. ಎರಡನೆಯದನ್ನು ಪಕ್ಕದಲ್ಲಿಟ್ಟರೆ ತಾನೇ ಟೊಳ್ಳು ಬೆಳೆದಿದೆಯಾ, ಗ್ರೌಟ್ ನಿಂತಿದೆಯಾ ಅಂತ ಗೊತ್ತಾಗುವುದು? ವೇಗ ತಪ್ಪಾಗಿ ಹಾಕಿದ್ದರೆ ಅದನ್ನೂ ತಿದ್ದಬಹುದು, ಮೂಲ ಡೇಟಾ ಇದ್ದರೆ. ನಾನು ಕೆಲಸ ಮಾಡಿದ್ದ ಹಳೇ ಕಂಪನಿ ಅಷ್ಟರಲ್ಲಿ ಮುಚ್ಚಿತ್ತು. ಅದಕ್ಕೇ ಮೊದಲ ದಿನವೇ ರೈಲ್ವೆ ಆಫೀಸಿನಲ್ಲಿ ಡೇಟಾ ಕೇಳಿದೆ. ಹಾರ್ಡ್ ಡಿಸ್ಕ್ ಕೊಟ್ಟಿದ್ದೆ, ಸಹಿಯೂ ತಗೊಂಡಿದ್ದೆ. ಅದು ಸಿಗಲಿಲ್ಲ. ಹೊಸ ಸುರಂಗ ಹಸ್ತಾಂತರ ಆಗುವಾಗಲೇ ಪೂರ್ತಿ ಸ್ಕ್ಯಾನ್ ಮಾಡಿಸಿ, ಕೋರ್ ಜೊತೆ ತಾಳೆ ನೋಡಿ, ಮೂಲ ಡೇಟಾ ಕೈಗೆ ಬರುವ ತನಕ ಕೊನೆಯ ಬಿಲ್ ಪಾಸ್ ಮಾಡಬೇಡಿ ಅಂತ ನಾನು ಕಂಡ ಕಂಡವರ ಹತ್ತಿರ ಹೇಳುವುದು ಈ ಹೊಟ್ಟೆಯುರಿಗೆ.

ಅರ್ಧ ದಿನ ಹುಡುಕಿ ಅಟೆಂಡರ್ ಒಬ್ಬರು ನನ್ನದೇ ರಿಪೋರ್ಟ್ ತಂದುಕೊಟ್ಟರು. ಸ್ಪೈರಲ್ ಬೈಂಡ್. ಮೂಲ ಪ್ರತಿ ಬೇರೆ ಎಲ್ಲೋ ಹೋಗಿತ್ತಂತೆ, ಇದು ಜೆರಾಕ್ಸ್. ಕಪ್ಪು ಬಿಳುಪು. ಕೆಂಪು ಎಲ್ಲಿತ್ತು, ಹಸಿರು ಎಲ್ಲಿತ್ತು, ನನಗೇ ಗೊತ್ತಾಗಲಿಲ್ಲ.