ಹೇರಾ ದಾಟಿದ ಬೆಟ್ಟ, ರಾಷ್ಟ್ರಪತಿಗೆ ನಿಷಿದ್ಧ

ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯಗಳಲ್ಲಿ ಹೆಣ್ಣಿನ ಬೆಲೆ ಎಷ್ಟಿತ್ತೆಂದು ವಿದ್ವಾಂಸರು ಊಹಿಸಬೇಕಾಗಿಲ್ಲ. ದರವನ್ನು ಅವನೇ ಬರೆದಿಟ್ಟಿದ್ದಾನೆ. ‘ಇಲಿಯಡ್’ನ 23ನೆಯ ಸರ್ಗದಲ್ಲಿ, ವೀರ ಅಕಿಲೀಸನ ಗೆಳೆಯ ಪೆಟ್ರೋಕ್ಲಸ್‌ನ ಉತ್ತರಕ್ರಿಯೆಯ ಅಂಗವಾಗಿ ನಡೆಯುವ ಕುಸ್ತಿಯಲ್ಲಿ, ಗೆದ್ದವನಿಗೆ 12 ಎತ್ತುಗಳ ಬೆಲೆಯ ಮುಕ್ಕಾಲಿ ಕೊಪ್ಪರಿಗೆ, ಸೋತವನಿಗೆ ಹಲವು ಕೆಲಸ ಬಲ್ಲ ಒಬ್ಬ ಹೆಂಗಸು, ಅವಳ ಬೆಲೆ 4 ಎತ್ತು. ಒಲೆಯ ಮೇಲಿಡುವ ಒಂದು ಪಾತ್ರೆಗೆ ಮೂವರು ಹೆಂಗಸರು ಸಮವೆಂದಾಯಿತು. ಅಜಾಕ್ಸ್ ಮತ್ತು ಒಡಿಸ್ಯೂಸರ ಪಟ್ಟು ಹರಿಯದಿದ್ದಾಗ ಅಕಿಲೀಸನು ಪಂದ್ಯ ನಿಲ್ಲಿಸಿ, ಸಮನಾದ ಬಹುಮಾನ ತೆಗೆದುಕೊಳ್ಳಿರೆಂದ. ಒಂದು ಕೊಪ್ಪರಿಗೆಯನ್ನೂ ಒಬ್ಬ ಹೆಂಗಸನ್ನೂ ಇಬ್ಬರು ವೀರರು ಸಮವಾಗಿ ಹಂಚಿಕೊಂಡ ಲೆಕ್ಕಾಚಾರವನ್ನು ಮಹಾಕವಿ ವಿವರಿಸುವುದಿಲ್ಲ. ‘ಒಡಿಸ್ಸಿ’ಯಲ್ಲಂತೂ ಮೀಸೆ ಚಿಗುರುತ್ತಿರುವ ಮಗ ತಾಯಿ ಪೆನೆಲೊಪಿಗೆ, ಮಾತು ಗಂಡಸರ ಕೆಲಸ, ನೀನು ಹೋಗಿ ಮಗ್ಗ ನೋಡಿಕೊ ಎಂದು ಆಜ್ಞಾಪಿಸುತ್ತಾನೆ.

ಇಷ್ಟೆಲ್ಲ ಇದ್ದರೂ, ಅದೇ ‘ಇಲಿಯಡ್’ನ 14ನೆಯ ಸರ್ಗದಲ್ಲಿ ಹೇರಾ ದೇವಿಯು ದೇವತೆಗಳ ನೆಲೆಯಾದ ಒಲಿಂಪಸ್‌ನಿಂದ ಹೊರಟು ಗ್ರೀಸಿನ ಆಥೋಸ್ ಪರ್ವತದ ಮೇಲೆ ಹಾದು, ಅಲ್ಲಿಂದ ಕಡಲಿಗಿಳಿದು ಲೆಮ್ನೋಸ್ ದ್ವೀಪ ತಲುಪುತ್ತಾಳೆ. (ಅಲ್ಲಿ ನಿದ್ರಾದೇವನಿಗೆ ಲಂಚವಾಗಿ ಅವಳು ಕೊಡಮಾಡುವುದೂ ಒಬ್ಬ ಹೆಣ್ಣನ್ನೇ, ಆ ಮಾತು ಬೇರೆ.) ಬೆಟ್ಟದ ಮೇಲೆ ಯಾರೂ ಅವಳ ಪರವಾನಗಿ ಕೇಳಲಿಲ್ಲ.

ಇಂದು ಆಕೆ ಅದೇ ದಾರಿ ಹಿಡಿದರೆ ನೇರ ಜೈಲು. ಕ್ರೈಸ್ತ ಸನ್ಯಾಸಿಗಳ 20 ಮಠಗಳಿರುವ ಆಥೋಸ್‌ನಲ್ಲಿ ಸುಮಾರು ಸಾವಿರ ವರ್ಷಗಳಿಂದ ಹೆಂಗಸರಿಗೆ ಪ್ರವೇಶವಿಲ್ಲ. ಹೆಣ್ಣು ಸಾಕುಪ್ರಾಣಿಗಳಿಗೂ ಇಲ್ಲ. ಬೆಕ್ಕುಗಳಿಗೆ ಮಾತ್ರ ವಿನಾಯಿತಿ, ಏಕೆಂದರೆ ಇಲಿಗಳು ಧರ್ಮಶಾಸ್ತ್ರ ಓದಿಕೊಂಡಿಲ್ಲ. ಹೆಂಗಸರನ್ನು ಹೊತ್ತ ದೋಣಿಗಳು ದಡದಿಂದ 500 ಮೀಟರ್ ದೂರದಲ್ಲೇ ಸಾಗಬೇಕು. ಅಷ್ಟು ಅಂತರದಲ್ಲಿ ಪಾವಿತ್ರ್ಯಕ್ಕೆ ಅಪಾಯವಿಲ್ಲವೆಂಬುದು ಹೇಗೆ ಅಳೆದ ಅಳತೆಯೋ ತಿಳಿಯದು. ಇಷ್ಟಾಗಿಯೂ ಈ ಬೆಟ್ಟಕ್ಕಿರುವ ಬಿರುದು ‘ದೇವಮಾತೆಯ ತೋಟ’, ಅಂದರೆ ಯೇಸುವಿನ ತಾಯಿ ಮೇರಿಯ ತೋಟ! ತಾಯಿಯ ತೋಟದೊಳಗೆ ಉಳಿದ ಯಾವ ತಾಯಿಯೂ ಕಾಲಿಡಕೂಡದು.

ಗ್ರೀಸ್ ಸರಕಾರ ಮಹಿಳೆಯರ ವಿಷಯದಲ್ಲಿ ಹಿಂದುಳಿದಿದೆಯೆಂದು ಯಾರೂ ಆಕ್ಷೇಪಿಸುವಂತಿಲ್ಲ. 1952ರಲ್ಲಿ ಅವರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಕೊಟ್ಟಿತು. ಹೆಂಗಸರ ಮತದಾರ ಪಟ್ಟಿ ಸಿದ್ಧವಾಗಿರಲಿಲ್ಲವಾದ್ದರಿಂದ ಆ ನವೆಂಬರಿನ ಚುನಾವಣೆಯಲ್ಲಿ ಹೊಸದಾಗಿ ಹಕ್ಕು ಪಡೆದ ಅವರೆಲ್ಲರೂ ಮನೆಯಲ್ಲೇ ಉಳಿದರು. 1953ರ ಆರಂಭದಲ್ಲಿ ಎಲೆನಿ ಸ್ಕೂರಾ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಒಂದು ಬಾಗಿಲು ತೆರೆದ ಆಯಾಸ ಪರಿಹಾರಕ್ಕೋ ಎಂಬಂತೆ, ಅದೇ ವರ್ಷ ಆಥೋಸ್ ಪ್ರವೇಶಿಸುವ ಹೆಂಗಸಿಗೆ ಸೆರೆವಾಸವೆಂಬ ಕಾನೂನೂ ಬಂತು. 1975ರ ಸಂವಿಧಾನವು 4ನೆಯ ವಿಧಿಯಲ್ಲಿ ಗ್ರೀಕ್ ಸ್ತ್ರೀಪುರುಷರು ಸಮಾನರೆಂದು ಸಾರಿ, 105ನೆಯ ವಿಧಿಯಲ್ಲಿ ಆಥೋಸ್‌ನ ಪ್ರಾಚೀನ ವ್ಯವಸ್ಥೆ ಹಾಗೆಯೇ ಮುಂದುವರಿಯಲೆಂದು ಹರಸಿತು. ನಡುವೆ ನೂರು ವಿಧಿಗಳಷ್ಟು ಅಂತರವಿರುವುದರಿಂದ ಒಂದರ ಮಾತು ಇನ್ನೊಂದಕ್ಕೆ ಕೇಳಿಸಿರಲಾರದು. 2003ರಲ್ಲಿ ಯುರೋಪಿಯನ್ ಸಂಸತ್ತು ನಿಷೇಧ ತೆಗೆಯಿರಿ ಎಂದಾಗ ಅದು ಯಾರಿಗೂ ಕೇಳಿಸಲಿಲ್ಲ.

2020ರಲ್ಲಿ ಕತೆರಿನಾ ಸಾಕೆಲ್ಲಾರೊಪುಲು ಆ ದೇಶದ ಮೊದಲ ಮಹಿಳಾ ರಾಷ್ಟ್ರಪತಿಯಾದರು. ಮೊದಲು ದೇಶದ ಉನ್ನತ ಆಡಳಿತ ನ್ಯಾಯಾಲಯದ ಮುಖ್ಯಸ್ಥೆಯಾಗಿದ್ದವರು. ಸಂವಿಧಾನದ ಪ್ರಕಾರ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆಲ್ಲ ಅವರೇ ನಾಯಕಿ. ಐದು ವರ್ಷ ಗಣರಾಜ್ಯದ ಅತ್ಯುನ್ನತ ಪೀಠದಲ್ಲಿದ್ದ ಆಕೆ, ಆಥೋಸ್‌ನ ವಿಷಯದಲ್ಲಿ ಮಾತ್ರ ಅಲ್ಲಿಯ ಬೆಕ್ಕಿಗಿಂತ ಕೆಳಗಿನ ದರ್ಜೆಯ ಪ್ರಜೆಯಾಗಿದ್ದರು. 2025ರಲ್ಲಿ ಅವರ ಸ್ಥಾನಕ್ಕೆ ಬಂದ ಕಾನ್‌ಸ್ಟಾಂಟಿನೊಸ್ ತಾಸುಲಾಸ್‌ರಿಗೆ ಈ ತೊಡಕಿಲ್ಲ. ಬೆಟ್ಟವೇರಲು ಬೇಕಾದ ಅರ್ಹತೆಯನ್ನು ಅವರು ಹುಟ್ಟುವಾಗಲೇ ಸಂಪಾದಿಸಿದ್ದಾರೆ.