ಸಕ್ಲಾತ್‌ವಾಲಾರನ್ನು ಇನ್ನಾದರೂ ಟಾಟಾ ಮನೆಯಿಂದ ಆಚೆ ಬಿಡಿ

ನಿನ್ನೆ ಸಂಜೆಯ ಕಾರ್ಯಕ್ರಮದಿಂದ ಬಂದ ಮೇಲೂ ಸಿಟ್ಟು ಇಳಿದಿಲ್ಲ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೂತ ಭಾರತೀಯರ ಬಗ್ಗೆ ಉಪನ್ಯಾಸ. ದಾದಾಭಾಯಿ ನವರೋಜಿಯವರ ಬಗ್ಗೆ ಮನತುಂಬಿ ಮಾತಾಡಿದರು. ಶಾಪುರ್ಜಿ ಸಕ್ಲಾತ್‌ವಾಲಾ ಸರದಿ ಬಂದಾಗ ಮಾತ್ರ ಒಂದೇ ಮಾತು: ಜಮ್ಶೇಟ್‌ಜಿ ಟಾಟಾ ಅವರ ಸೋದರಳಿಯ, ಕಮ್ಯುನಿಸ್ಟ್ ಆಗಿದ್ದರು. ಅಷ್ಟೇ, ಮುಂದಿನ ಸ್ಲೈಡ್.

ಯೂನಿಯನ್ ಕೆಲಸದಲ್ಲೇ ಕೂದಲು ಹಣ್ಣಾದವನು ನಾನು. ಇದು ಎಷ್ಟು ಚುಚ್ಚಿತೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

1922ರಲ್ಲಿ ಲೇಬರ್ ಪಕ್ಷದ ಅಭ್ಯರ್ಥಿಯಾಗಿದ್ದ ಅವರನ್ನು ಗೆಲ್ಲಿಸಿದ್ದು ಲಂಡನ್ನಿನ ಬ್ಯಾಟರ್‌ಸೀ ಉತ್ತರ ಕ್ಷೇತ್ರ. ಥೇಮ್ಸ್ ದಡದ ದುಡಿಯುವ ಜನರ ಕೇರಿಗಳು. ಚುನಾವಣಾ ಏಜೆಂಟ್ ಆಗಿ ನಿಂತವರು ಜಾನ್ ಆರ್ಚರ್, 1913ರಲ್ಲೇ ಅಲ್ಲಿನ ಮೇಯರ್ ಆಗಿದ್ದ ಕಪ್ಪು ಮನುಷ್ಯ. 1923ರಲ್ಲಿ ಸೋಲು. 1924ರ ಹೊತ್ತಿಗೆ ಲೇಬರ್ ಪಕ್ಷ ಕಮ್ಯುನಿಸ್ಟರಿಗೆ ಬಾಗಿಲು ಹಾಕಿತ್ತು. ಆದರೂ ಅಲ್ಲಿನ ಕಾರ್ಮಿಕರು ಬಿಟ್ಟುಕೊಡಲಿಲ್ಲ, ಕಮ್ಯುನಿಸ್ಟ್ ಅಭ್ಯರ್ಥಿಯಾಗಿಯೇ ಗೆಲ್ಲಿಸಿದರು. ಆ ವೋಟು ಬಿದ್ದದ್ದು ಯಾರದೋ ಸೋದರಳಿಯನಿಗಲ್ಲ ಸ್ವಾಮಿ!

1926ರ ಮೇ ದಿನ ಹೈಡ್ ಪಾರ್ಕಿನಲ್ಲಿ ನಿಂತು, ಕಾರ್ಮಿಕರ ಮೇಲೆ ಗುಂಡು ಹಾರಿಸಬೇಡಿ ಎಂದು ಸೈನಿಕರಿಗೆ ಹೇಳಿದರು. ಬ್ರಿಟನ್ನಿನ ಕಾರ್ಮಿಕರ ಮಹಾ ಮುಷ್ಕರ ಶುರುವಾಗುತ್ತಿದ್ದಂತೆ ಬಂಧನ. ಒಳ್ಳೆಯ ನಡತೆಯ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಮನೆಗೆ ಹೋಗಬಹುದಿತ್ತು. ಒಪ್ಪಲಿಲ್ಲ. ಎರಡು ತಿಂಗಳ ಶಿಕ್ಷೆಗೆ ವರ್ಮ್‌ವುಡ್ ಸ್ಕ್ರಬ್ಸ್ ಜೈಲು ಸೇರಿದರು. ಮುಚ್ಚಳಿಕೆಯ ಕಾಗದ ಮುಂದಿಟ್ಟಾಗ ಕೈ ಹೇಗೆ ನಡುಗುತ್ತದೆಂದು ನನಗೆ ಗೊತ್ತು. ಆ ದಿನಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಟಾಟಾ ನಂಟು ಸುಳ್ಳೇ ಎಂದು ಕೇಳುತ್ತೀರಿ. ಸುಳ್ಳಲ್ಲ. ತಾಯಿ ಜೆರ್‌ಬಾಯಿ ಜಮ್ಶೇಟ್‌ಜಿಯವರ ತಂಗಿ. ಸಕ್ಲಾತ್‌ವಾಲಾ ಟಾಟಾ ಕಂಪನಿಗಾಗಿ ಕಬ್ಬಿಣದ ಅದಿರು ಹುಡುಕುತ್ತ ಕಾಡು ಅಲೆದರು, ಲಂಡನ್ ಕಚೇರಿಯಲ್ಲೂ ದುಡಿದರು. ಆದರೆ ಅವರು ಬಿಟ್ಟು ನಡೆದ ಮನೆಯನ್ನೇ ಅವರ ವಿಳಾಸ ಮಾಡುವುದು ಯಾವ ನ್ಯಾಯ?

ಕಮ್ಯುನಿಸ್ಟ್ ಪಕ್ಷದ ಮುಂದೆಯೂ ತಲೆ ಬಾಗಿಸಿದವರಲ್ಲ. 1927ರಲ್ಲಿ ಐವರು ಮಕ್ಕಳಿಗೆ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಪಾರ್ಸಿ ಪದ್ಧತಿಯಂತೆ ನವಜೋತ್ (ಮಕ್ಕಳನ್ನು ಧರ್ಮಕ್ಕೆ ಸೇರಿಸಿಕೊಳ್ಳುವ ದೀಕ್ಷೆ) ಮಾಡಿಸಿದರು, ಪಕ್ಷದ ಛೀಮಾರಿಯನ್ನೂ ಎದುರಿಸಿದರು. ಅದೇ ವರ್ಷ ಭಾರತಕ್ಕೆ ಬಂದು, ಜನ ನಿಮ್ಮ ಕಾಲು ಮುಟ್ಟುವುದನ್ನು ನಿಲ್ಲಿಸಿ, ಕಾರ್ಮಿಕರನ್ನು ಸಂಘಟಿಸಿ ಎಂದು ಗಾಂಧೀಜಿಗೇ ಬಹಿರಂಗ ಪತ್ರ ಬರೆದರು. ಗಾಂಧೀಜಿ ಒಪ್ಪಲಿಲ್ಲ, ಆದರೆ ಈತನ ಪ್ರಾಮಾಣಿಕತೆಯನ್ನು ಮೆಚ್ಚಿಯೇ ಉತ್ತರ ಕೊಟ್ಟರು. ನನಗಿಬ್ಬರೂ ಬೇಕು. ಆ ವಾದವನ್ನು ಇಂದಿಗೂ ಗೌರವದಿಂದ ಓದುತ್ತೇನೆ. ಹಿಂದಿರುಗಿದ ಮೇಲೆ ಬ್ರಿಟಿಷ್ ಸರ್ಕಾರ ಅವರಿಗೆ ತಾಯ್ನಾಡಿನ ಬಾಗಿಲನ್ನೇ ಮುಚ್ಚಿತು. 1936ರ ಜನವರಿಯಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು.

ಇಷ್ಟೆಲ್ಲ ಬದುಕಿದವರಿಗೆ ಒಂದು ಸ್ಲೈಡು, ಅದರಲ್ಲೂ ಸೋದರಮಾವನ ಹೆಸರು ಮೊದಲು! ಅವರ ಫೋಟೊ ಹಂಚುವ ಗೆಳೆಯರೇ, ದಯವಿಟ್ಟು ಕೆಳಗೆ ಹೀಗೆ ಬರೆಯಿರಿ: ಶಾಪುರ್ಜಿ ಸಕ್ಲಾತ್‌ವಾಲಾ, ಬ್ಯಾಟರ್‌ಸೀ ಉತ್ತರದ ಸಂಸದ.