ಹಲ್ಲಿನ ಚರ್ಮವೂ ಕೂದಲೆಳೆಯೂ ಒಂದೇ ಅಲ್ಲ

'ಬೈ ದ ಸ್ಕಿನ್ ಆಫ್ ಒನ್ಸ್ ಟೀತ್' (ಅಕ್ಷರಶಃ 'ಹಲ್ಲಿನ ಚರ್ಮದಷ್ಟರಲ್ಲಿ', ಅಂದರೆ ಹೇಗೋ ಪಾರಾಗುವುದು) ಎಂಬ ಇಂಗ್ಲಿಷ್ ನುಡಿಗಟ್ಟಿಗೆ 'ಕೂದಲೆಳೆಯ ಅಂತರ'ವೇ ಸರಿಸಮಾನವೆಂದು ಲೇಖಕರೊಬ್ಬರು ಬರೆದಿರುವುದನ್ನು ನಾನು ಒಪ್ಪಲಾರೆ. ನವಲೂರಿನ ಬಳಿ ಲಾರಿಯೊಂದು ನನ್ನ ಸ್ಕೂಟರಿನ ಪಕ್ಕದಲ್ಲೇ ನುಗ್ಗಿ ಹೋದಾಗ ನಾನು ಕೂದಲೆಳೆಯ ಅಂತರದಲ್ಲಿ ಪಾರಾದೆ ಎನ್ನಬಹುದು, ಏಕೆಂದರೆ ಅಲ್ಲಿ ಅಳೆಯಬಹುದಾದ ದೂರವಿತ್ತು. ಆದರೆ ಹುಬ್ಬಳ್ಳಿ ನಿಲ್ದಾಣದಲ್ಲಿ ಹೊರಟ ರೈಲನ್ನು ಓಡಿ ಹಿಡಿದವರಿಗೂ, ಪರೀಕ್ಷೆಯಲ್ಲಿ ಕನಿಷ್ಠ ಅಂಕ ಪಡೆದು ಹೇಗೋ ಪಾಸಾದವರಿಗೂ ಇಂಗ್ಲಿಷಿನಲ್ಲಿ ಹಲ್ಲಿನ ಚರ್ಮದ ಮಾತೇ ಸಲ್ಲುತ್ತದೆ. 1560ರ ಇಂಗ್ಲಿಷ್ ಅನುವಾದವಾದ ಜಿನೀವಾ ಬೈಬಲ್‌ನಲ್ಲಿ ಯೋಬನೆಂಬ ದೈವಭಕ್ತನು ಈ ಮಾತನ್ನು ನುಡಿಯುವಾಗ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡಿರುತ್ತಾನೆ. ಹಲ್ಲಿಗೆ ಚರ್ಮವೇ ಇಲ್ಲವಾದ್ದರಿಂದ, ತನಗೆ ಉಳಿದದ್ದು ಏನೂ ಇಲ್ಲವೆಂಬ ಸಂಕಟವೇ ಅಲ್ಲಿ ನನಗೆ ಕೇಳಿಸುತ್ತದೆ. ನಮ್ಮ ಧಾರವಾಡದ ಕಡೆಯ 'ಜೀವ ಒಂದ್ ಉಳೀತು' ಎಂಬ ಮಾತು ಅದಕ್ಕೆ ಹೆಚ್ಚು ಹತ್ತಿರದ್ದು.